ಗಿಳಿದಿಂಬಿನ ಮೇಲೊಂದು ತೀರ್ಪು

ಬೇಸ್‌ಬಾಲ್ ಫೈನಲ್ ಪಂದ್ಯಕ್ಕೆ ಎರಡೂ ತಂಡಗಳು ಸಾಲಾಗಿ ನಿಂತಿದ್ದವು. ಲೀಗಿನ ಕಾರ್ಯದರ್ಶಿಗಳು ಗತ್ತಿನಿಂದ ಚೀಲದ ಜಿಪ್ ಎಳೆದರು. ಒಳಗಿನಿಂದ ಬಂದದ್ದು ಬೇಸುಗಳಲ್ಲ, ಮನೆಯ ಸೋಫಾದ ಮೂರು ದಿಂಬುಗಳು. ಒಂದೊಂದರ ಮೇಲೂ ಅವರ ಹೆಂಡತಿ ಕಸೂತಿ ಹಾಕಿದ ಒಂದೊಂದು ಹಸಿರು ಗಿಳಿ.

ಬೇಸ್ ಎಂದರೆ ಓಡುವವನು ಕಾಲಿಟ್ಟು ನಿಲ್ಲಬೇಕಾದ ಮೆತ್ತೆ; ಅದರ ಮೇಲಿಲ್ಲದಾಗ ಚೆಂಡು ಮುಟ್ಟಿಸಿದರೆ ಅವನು ಔಟ್. ಅದನ್ನು ನೆಲಕ್ಕೆ ಮೊಳೆ ಬಡಿದು ಕೂರಿಸುತ್ತಾರೆ. ಕಳೆದ ವಾರದ ಕೆಸರು ತೊಳೆದ ಮೇಲೆ ಅಸಲಿ ಬೇಸುಗಳು ಮನೆಯ ಬಾಲ್ಕನಿಯಲ್ಲಿ ಬಿಸಿಲು ಕಾಯಿಸುತ್ತಿದ್ದವು; ಅವಸರದಲ್ಲಿ ಅವರು ಪಕ್ಕದಲ್ಲೇ ಒಣಗಲಿಟ್ಟಿದ್ದ ದಿಂಬುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಿದ್ದರು.

"ಸಾರ್, ಗಿಳಿ ಮೇಲೆ ಕಾಲಿಡಬಹುದಾ? ಅದು ಕಚ್ಚಲ್ಲ ತಾನೆ?" ಎಂದು ಬಸ್ ಡಿಪೋ ತಂಡದವನೊಬ್ಬ ಕೇಳಿದ.

ಕಾರ್ಯದರ್ಶಿಗಳ ಕಿವಿ ಕೆಂಪಾಯಿತು. ಫುಟ್‌ಬಾಲಿನವರು ಸಂಜೆ ಮೈದಾನ ಕೇಳಿದ್ದರು, ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಬೇಸಿಲ್ಲ ಎಂದು ಬೇಸರಿಸಿ ಕೂರುವುದಕ್ಕಿಂತ ದಿಂಬಿಗೇ ಇಂಬು ಕೊಡುವುದು ಮೇಲೆಂದು ಆಟ ಶುರುವಾಯಿತು.

ಕಾರ್ಯದರ್ಶಿಗಳದು ಕನ್ನಡಕದ ಅಂಗಡಿ. ಊರಿನಲ್ಲಿ ಲೀಗ್ ಕಟ್ಟಬೇಕೆಂದು ಮೊದಲ ಸಭೆ ಸೇರಿದ್ದು ಅಲ್ಲೇ, ಕಾರಣ ಕುರ್ಚಿಗಳು ಅಲ್ಲಿ ಹೆಚ್ಚಿದ್ದವು. ಅವರು ಗಿರಾಕಿಯೊಬ್ಬರ ಫ್ರೇಮಿನ ತಿರುಪು ಬಿಗಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದರು. ಎದುರಿಗಿಲ್ಲದವರ ತಲೆಗೇ ಟೋಪಿ ಹಾಕುವುದು ಸಭೆಗಳ ಧರ್ಮ.

ಆದರೆ ಹಾಕಿದ ಟೋಪಿಯನ್ನು ಅವರು ಕಿರೀಟದಂತೆ ಹೊತ್ತರು. ಡಿಪೋ, ಬೇಕರಿ, ಅಂಚೆ ಕಚೇರಿ, ಆಸ್ಪತ್ರೆ ಮುಂತಾಗಿ ಏಳು ತಂಡ. ಬೆಸಸಂಖ್ಯೆಯಾದ್ದರಿಂದ ಪ್ರತಿವಾರ ಒಂದು ತಂಡಕ್ಕೆ ಜೋಡಿ ಸಿಗುವುದಿಲ್ಲ. ಹಾಗೆ ಉಳಿದ ತಂಡ ಸುಣ್ಣದ ಗೆರೆ ಎಳೆಯಬೇಕು, ಅಂಪೈರುಗಳನ್ನು ಕೊಡಬೇಕು. ಬೇಕರಿಯವರಿಗೆ ಬೆಳಗಿನ ಪಂದ್ಯ ಆಗದು, ಒಲೆ ಬಿಟ್ಟು ಬರುವಂತಿಲ್ಲ. ಆಸ್ಪತ್ರೆಯವರಿಗೆ ಪಾಳಿ ಬದಲಾದರೆ ಅರ್ಧ ತಂಡವೇ ಮಾಯ. ಇವರನ್ನೆಲ್ಲ ಒಂದೇ ಮೈದಾನಕ್ಕೆ ಹೊಂದಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವ ಕೆಲಸ. ಅದರಲ್ಲಿ ಅವರು ನಿಸ್ಸೀಮರು. ಹುಮ್ಮಸ್ಸಿನಲ್ಲಿ ಒಂದು ನಿಯಮವನ್ನೂ ತಾವೇ ಸೇರಿಸಿದ್ದರು: ಅಂಪೈರಿಗೆ ಬಗೆಹರಿಯದ ಜಗಳದಲ್ಲಿ ಕಾರ್ಯದರ್ಶಿಯ ಮಾತೇ ಅಂತಿಮ.

ಒಂದೇ ಒಂದು ಕೊರತೆ. ಅವರಿಗೆ ಆಟ ಬರುತ್ತಿರಲಿಲ್ಲ. ಮೊದಲ ವರ್ಷವೇ ಯಾರನ್ನಾದರೂ ಕೇಳಬಹುದಿತ್ತು, ನಾಚಿಕೊಂಡರು. ಆಮೇಲೆ ಕೇಳುವ ಹೊತ್ತು ಮೀರಿಹೋಯಿತು. ಮದುವೆಯಾಗಿ ಮಕ್ಕಳಾದ ಮೇಲೆ ಹೆಂಡತಿಯ ಹೆಸರು ಕೇಳಿದಂತಾಗುತ್ತದೆ! ಜನ ಚಪ್ಪಾಳೆ ತಟ್ಟಿದಾಗ ತಟ್ಟುತ್ತಿದ್ದರು, "ಅಯ್ಯೋ" ಎಂದಾಗ ತಾವೂ "ಅಯ್ಯೋ" ಎನ್ನುತ್ತಿದ್ದರು.

ಈ ಫೈನಲ್ ಡಿಪೋ ಮತ್ತು ಬೇಕರಿಯ ನಡುವೆ. ಕೊನೆಯ ಸರದಿಯಲ್ಲೂ ಎರಡೂ ಕಡೆ ಸಮಸಮ. ಡಿಪೋದ ಬಸ್ ಡ್ರೈವರ್, ಕಾರ್ಯದರ್ಶಿಗಳ ಸ್ವಂತ ಅಳಿಯ, ಚೆಂಡನ್ನು ಬೇಲಿಯ ತನಕ ಬಾರಿಸಿ ಓಡಿದ. ಮೂರನೇ ಬೇಸಿಗೆ ಜಾರಿದ. ಮೊಳೆಯಿಲ್ಲದ ದಿಂಬೂ ಅವನ ಕಾಲ ಕೆಳಗೇ ಜಾರಿತು. ಗಿಳಿ ಸಮೇತ ದೋಣಿಯಲ್ಲಿ ಹೋದಂತೆ ಹೋಗಿ ಅಷ್ಟು ದೂರದಲ್ಲಿ ನಿಂತ. ಅಲ್ಲಿ ಬೇಕರಿಯವನೊಬ್ಬ ಚೆಂಡನ್ನು ಅವನ ಭುಜಕ್ಕೆ ಮುಟ್ಟಿಸಿದ.

"ಔಟ್!" ಎಂದರು ಬೇಕರಿಯವರು. "ಕಾಲು ಬೇಸ್ ಮೇಲೇ ಇದೆ!" ಎಂದರು ಡಿಪೋದವರು. ಅಂಪೈರ್ ಆಗಿದ್ದ ಅಂಚೆಯಣ್ಣ ಕೈಚೆಲ್ಲಿಬಿಟ್ಟ.

"ಬೇಸೇ ಓಡಿಹೋದ್ರೆ ನಾನೇನ್ ಹೇಳ್ಲಿ? ಕಾರ್ಯದರ್ಶಿಗಳೇ, ನೀವೇ ಬನ್ನಿ."

ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು ಬಂದರು. ಅಳಿಯನ ಕಾಲು ನೋಡಿದರು, ದಿಂಬು ನೋಡಿದರು. ಗಂಟಲು ಸರಿಮಾಡಿಕೊಂಡು ಹೇಳಿದರು:

"ಹುಡುಗ ಕೊನೇ ತನಕ ಓಡಿದಾನೆ. ಓಟ ಪೂರ್ತಿಯಾಯ್ತು. ಡಿಪೋ ಗೆದ್ದಿದೆ."

ಯಾರೂ ಕೂಗಲಿಲ್ಲ. ಡಿಪೋದವರೂ ಕೂಗಲಿಲ್ಲ. ಮೂರು ಬೇಸ್ ದಾಟಿ, ಹೊಡೆದ ಜಾಗಕ್ಕೇ ವಾಪಸು ಬಂದರೆ ಮಾತ್ರ ಓಟ ಪೂರ್ತಿ ಎಂಬುದು ಮೈದಾನದ ಅಂಚಿನಲ್ಲಿ ಐಸ್‌ಕ್ರೀಮ್ ಮಾರುವವನಿಗೂ ಗೊತ್ತಿತ್ತು.

ಬೇಕರಿ ತಂಡದ ನಾಯಕಿ, ಎಲ್ಲರೂ ಬನ್ನಕ್ಕ ಎನ್ನುವ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ಅಳಿಯನಿಗೆ ಅಂತ ಒಂದು ಬೇಸ್ ಮನ್ನಾ ಮಾಡಿದ್ರಾ ಅಣ್ಣ? ಈಗ ಗೊತ್ತಾಯ್ತು ಬಿಡಿ, ದಿಂಬು ಯಾಕೆ ತಂದ್ರಿ ಅಂತ. ಮಂಡಿ ತರಚಬಾರದಲ್ಲ, ಪಾಪ!"

ಈಗ ಜನ ನಕ್ಕರು. ಅಳಿಯ ನಗಲಿಲ್ಲ. ಮೈಯೆಲ್ಲ ಧೂಳಾಗಿ ನಿಂತಿದ್ದ. ಅವನ ತಂಡದವರೇ ಅವನ ಮುಖ ತಪ್ಪಿಸಿ ನೆಲ ನೋಡುತ್ತಿದ್ದರು.

"ಮಾವ, ನಂಗ್ಯಾಕೆ ಹಿಂಗ್ ಮಾಡಿದ್ರಿ? ನಾನ್ ಕೇಳಿದ್ನಾ?" ಎಂದು ಮೆಲ್ಲಗೆ ಕೇಳಿದ. ಟೋಪಿ ತೆಗೆದು, "ನಾನು ಔಟೇ. ಆಟ ಸಾಕು ನಂಗೆ," ಎಂದು ಗೆರೆಯಾಚೆ ನಡೆದ.

ಕಾರ್ಯದರ್ಶಿಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸುಮ್ಮನಿದ್ದರೆ ಪಕ್ಷಪಾತಿ ಎನ್ನುತ್ತಾರೆ. ಆದರೂ ಪಕ್ಷಪಾತಿಗೆ ಒಂದು ಘನತೆಯಿದೆ, ಆಟ ಬಲ್ಲವನು ಬೇಕೆಂದೇ ಮಾಡಿದ ಎಂಬ ಘನತೆ. ಬಾಯಿಬಿಟ್ಟರೆ ಅದೂ ಇಲ್ಲ. ಎಷ್ಟು ಬಹುಮಾನ ಹಂಚಿದ್ದೇನೆ, ಎಷ್ಟು ಭಾಷಣ ಬಿಗಿದಿದ್ದೇನೆ ಎಂದು ನೆನೆದು ಕಾಲ ಕೆಳಗಿನ ನೆಲವೇ ಬಿರಿಯಬಾರದೇ ಎನಿಸಿತು. ನೆಲ ಗಟ್ಟಿಯಾಗಿಯೇ ಇತ್ತು. ಅಳಿಯ ಆಗಲೇ ಗೇಟಿನ ಹತ್ತಿರ ಹೋಗಿದ್ದ.

"ನಿಲ್ಲಪ್ಪಾ!" ಎಂದು ಕೂಗಿದರು. "ಅವನದೇನೂ ತಪ್ಪಿಲ್ಲ. ನನಗೆ... ನನಗೆ ಈ ಆಟ ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಯಾವ ಬೇಸ್ ಆದ್ಮೇಲೆ ಯಾವುದು ಅಂತಾನೂ ಸರಿಯಾಗಿ ಗೊತ್ತಿಲ್ಲ."

ಅಂಚೆಯಣ್ಣ ಕೆಮ್ಮಿದ. ತಮ್ಮ ಜೇಬಿನ ಮೇಲಿದ್ದ ಕಾರ್ಯದರ್ಶಿ ಬಿಲ್ಲೆಯನ್ನು ಅವರು ಅಂಗೈಯಿಂದ ಮುಚ್ಚಿಕೊಂಡರು.

ಬನ್ನಕ್ಕ ಅವರ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಗೇಟಿನ ಕಡೆ ತಿರುಗಿ, "ಡ್ರೈವರಣ್ಣ, ಬನ್ನಿ ವಾಪಸ್ಸು. ದಿಂಬು ಜಾರಿದ್ದು ನಿಮ್ಮ ತಪ್ಪಲ್ಲ. ಮೂರನೇ ಬೇಸಲ್ಲಿ ನಿಂತ್ಕೊಳ್ಳಿ, ಅಲ್ಲಿಂದಲೇ ಆಡೋಣ," ಎಂದಳು. ಅಳಿಯ ಮಾವನ ಮುಖ ನೋಡದೆ ಬಂದು ನಿಂತ, ಆದರೆ ಟೋಪಿ ಹಾಕಿಕೊಂಡ.

"ಅಲ್ಲಣ್ಣ," ಎಂದಳು ಬನ್ನಕ್ಕ, ಈಗ ಬೈಗುಳವಿಲ್ಲದ ದನಿಯಲ್ಲಿ, "ಒಂದು ಪಂದ್ಯಾನೂ ತಪ್ಪಿಸಿದವರಲ್ಲ ನೀವು. ಇಷ್ಟು ವರ್ಷ ಆ ಕುರ್ಚೀಲಿ ಕೂತು ಕಣ್ಣು ಮಿಟುಕಿಸದೆ ಏನು ನೋಡ್ತಿದ್ರಿ ಮತ್ತೆ?"

ಕಾರ್ಯದರ್ಶಿಗಳು ತಲೆ ಎತ್ತಲಿಲ್ಲ.

"ಮೋಡ ನೋಡ್ತಿದ್ದೆನಮ್ಮ. ಮಳೆ ಬಂದ್ರೆ ಈ ಪಂದ್ಯಾನ ಇನ್ಯಾವ ವಾರಕ್ಕೆ ತುರುಕೋದು ಅಂತ."