ಬಾಯಿ ಬಿಡದ ಮಗಳು, ಬಾಯಿ ಮುಚ್ಚದ ನಾವು

ಮನೆಯಲ್ಲಿ ಮಾತಾಡಿ ಮಾತಾಡಿ ಓಣಿಯನ್ನೇ ಒಂದು ಮಾಡುವ ನನ್ನ ಮಗಳು ಶಾಲೆಯ ಗೇಟು ದಾಟಿದರೆ ಮೂಕಿ. ಎರಡನೇ ತರಗತಿಗೆ ಬಂದರೂ ಅಲ್ಲಿ ಒಂದು ಮಾತಾಡಿರಲಿಲ್ಲ. ನಾನು ಮುದ್ದು ಮಾಡಿ ಕೆಡಿಸಿದ್ದೇನೆಂದು ಟೀಚರಿಗೆ ಗುಮಾನಿ. ಅವರೇ ಗದರಿಸಿ ಹೆದರಿಸಿದ್ದಾರೆಂದು ನನಗೆ ಸಿಟ್ಟು. ಎದುರು ಸಿಕ್ಕರೆ ಇಬ್ಬರೂ ಹಲ್ಲು ಕಿರಿದು ಮುಂದೆ ಹೋಗುತ್ತಿದ್ದೆವು. “ಹಿಂಗೇ ಆದ್ರ ಬ್ಯಾರೆ ಸಾಲಿ ನೋಡ್ಕೋರಿ” ಎಂದು ಅವರು ಅಂದ ದಿನ, ಶಹಾಪುರದ ಶಾಲೆಯಿಂದ ನಮ್ಮೂರು ಗೋಗಿಯವರೆಗೂ ಆಟೊದಲ್ಲಿ ಅಳುತ್ತಲೇ ಬಂದೆ.

ಕೊನೆಗೆ, ಯಾದಗಿರಿಯಿಂದ ತಿಂಗಳಿಗೊಮ್ಮೆ ಶಾಲೆಗೆ ಬರುವ ಆಪ್ತಸಮಾಲೋಚಕಿ ನಮ್ಮೆಲ್ಲರನ್ನೂ ಕೂರಿಸಿಕೊಂಡರು. ನಮ್ಮ ಮನೆಯವರೂ ಗೊಬ್ಬರದ ಅಂಗಡಿ ಮುಚ್ಚಿ ಬಂದಿದ್ದರು.

“ನಿನಗ ತಿನ್ನಾಕ ಏನ್ ಸೇರ್ತದವ್ವಾ?” ಎಂದು ಸಮಾಲೋಚಕಿ ಮಗಳನ್ನು ಕೇಳಿದರು.

“ಮಿರ್ಚಿ ಭಜಿ ಅಂದ್ರ ಜೀವಾ ಬಿಡ್ತಾಳ್ರಿ,” ಅಂದೆ ನಾನು.

“ಗೆಳತ್ಯಾರು ಯಾರದಾರ?”

“ಯಾರೂ ಇಲ್ರಿ, ಒಬ್ಬಾಕಿನೇ ಕುಂದರ್ತಾಳ,” ಅಂದರು ಟೀಚರ್.

“ದೊಡ್ಡಾಕಿ ಆದಮ್ಯಾಲ ಏನ್ ಆಗ್ತಿ?”

“ಡಾಕ್ಟರ್ ರೀ,” ಅಂದರು ಇವರು.

ಸಮಾಲೋಚಕಿ ಪೆನ್ನು ಕೆಳಗಿಟ್ಟರು. “ಹುಡುಗಿಗಿ ಬಾಯಿ ತೆರಿಯಾಕ ನೀವೆಲ್ಲಿ ಬಿಟ್ರಿ?”

ನಮ್ಮ ಕಡೆ ಇದೇ ರೂಢಿ. ಬಸ್ಸಿನಲ್ಲಿ ಯಾರಾದರೂ ಮಗುವಿನ ಹೆಸರು ಕೇಳಿದರೆ ತಾಯಿಯೇ ಹೇಳುತ್ತಾಳೆ, ಮಗು ಅವಳ ಮುಖ ನೋಡುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ಜಗಳಕ್ಕೆ ನಿಲ್ಲುವವಳಿದ್ದೆ. ಅಷ್ಟರಲ್ಲಿ ಟೀಚರೇ ಮೆಲ್ಲಗೆ ಅಂದರು: “ಕ್ಲಾಸಿನ್ಯಾಗೂ ಬಾಜೂದಾಕಿ ಹೇಳಿಬಿಡ್ತಾಳ್ರಿ. ನಾನೂ ಹಂಗೇ ಮುಂದ ಹೋಗಿಬಿಡ್ತೀನಿ.” ಅವರ ಮೇಲಿದ್ದ ನನ್ನ ಸಿಟ್ಟು ಅರ್ಧ ಅಲ್ಲಿಯೇ ಇಳಿಯಿತು.

ಅಂದಿನಿಂದ ಒಂದು ಕಟ್ಟಳೆ. ಮಗಳನ್ನು ಏನಾದರೂ ಕೇಳಿದರೆ, ಹತ್ತು ಎಣಿಸುವವರೆಗೆ ಯಾರೂ ತುಟಿ ಬಿಚ್ಚಬಾರದು. ಮನೆಯಲ್ಲಿ ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಏಳಕ್ಕೆ ಬರುವಷ್ಟರಲ್ಲಿ ನನಗೇ ಉಸಿರು ಕಟ್ಟುತ್ತಿತ್ತು. ಟೀಚರೂ ಗೇಟಿನಲ್ಲಿ ಸಿಕ್ಕಾಗ, “ನಂದು ಐದಕ್ಕೇ ಮುಗೀತದ್ರಿ,” ಎಂದು ನಗುತ್ತಿದ್ದರು. ಮಗಳು ಮಾತ್ರ ಶಾಲೆಯಲ್ಲಿ ಇನ್ನೂ ಮಾತಾಡಿರಲಿಲ್ಲ.

ಮೂರನೇ ಸಲ ಸೇರಿದಾಗ ಸಮಾಲೋಚಕಿ ನನ್ನ ಕಡೆ ತಿರುಗಿದರು. “ಇಷ್ಟ್ ದಿನ ನಿಮಗ ಹ್ಯಾಂಗ ಅನಿಸ್ತ್ರಿ?”

“ಆಕಿಗೇನಾಗ್ಯಾದ್ರಿ, ಆರಾಮ ಅದಾಳ,” ಅಂದರು ಇವರು.

“ಅಪ್ಪಾ, ನೀ ಸುಮ್ಕಿರು. ಅವ್ವಗ ಕೇಳ್ಯಾರ.”

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡರು. ಇವರು ತಲೆ ತಗ್ಗಿಸಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನನಗೋ ಮಾತೇ ಹೊರಡಲೊಲ್ಲದು. ಮಗಳು ನನ್ನ ಮುಖ ನೋಡುತ್ತ, ಒಂದೊಂದೇ ಬೆರಳು ಮಡಚಿ ಎಣಿಸತೊಡಗಿದಳು.