ಮಗ್ಗದ ಸದ್ದಿಗೆ ಮಲಗಿದ ಮರಿ

ಮೊಟ್ಟೆಯೊಳಗಿನ ಮರಿ ಸುಮ್ಮನಾದರೆ ಸತ್ತೇಹೋಯಿತು ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಿಪ್ಪೆ ಕುಟ್ಟಿ ಒಂದು ತೂತು ಮಾಡುವಷ್ಟರಲ್ಲಿ ಅದಕ್ಕೆ ಸಾಕುಸಾಕಾಗಿರುತ್ತದೆ. ಆಮೇಲೆ ಗಂಟೆಗಟ್ಟಲೆ ನಿದ್ದೆ. ಎಚ್ಚರವಾದಾಗ ಇನ್ನೊಂದಿಷ್ಟು ಕುಟ್ಟುತ್ತದೆ, ಮತ್ತೆ ಮಲಗುತ್ತದೆ. ದೊಡ್ಡಬೆಳವಂಗಲದ ತವರಿನಲ್ಲಿ ಇದನ್ನು ನೋಡಿಕೊಂಡೇ ಬೆಳೆದವಳು ನಾನು.

ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ತೊಂಬತ್ತರ ದಶಕದ ಶುರು. ಮನೆಯ ಅರ್ಧದಲ್ಲಿ ಪವರ್‌ಲೂಮ್ ಮಗ್ಗಗಳು, ಉಳಿದರ್ಧದಲ್ಲಿ ನಾವು. ತವರಲ್ಲಿ ಬಾಣಂತನ ಮುಗಿಸಿ ಬರುವಾಗ ಮಡಿಲಲ್ಲಿ ಮಗು, ಜೊತೆಗೆ ರಾಗಿಯಲ್ಲಿ ಹುದುಗಿಸಿ ತಂದ ನಾಟಿಕೋಳಿ ಮೊಟ್ಟೆ. ಮಗ್ಗದ ಕೋಣೆಯ ಮೂಲೆಯಲ್ಲಿ, ಮಂಕರಿಯೊಳಗೆ ಅತ್ತೆಯ ಕೋಳಿಯನ್ನು ಕಾವಿಗೆ ಕೂರಿಸಿದೆ.

"ಬಸ್ಸಲ್ಲಿ ಕುಲುಕಿದ್ ಮೊಟ್ಟೆ ಎಲ್ಲಿ ಮರಿ ಆಗ್ತವೆ? ನಿಮ್ಮಮ್ಮನ ಮನೇದು ಅಂದ್ರೆ ಸಾಕು, ಕಣ್ಣಿಗೊತ್ಕೊಳ್ತೀಯ" ಎಂದು ಅತ್ತೆ ಆಡಿಕೊಂಡರು.

ಅವರ ಬಾಯಿಗೆ ಸರಿಯಾಗಿ ಮೊಟ್ಟೆಗಳೆಲ್ಲ ಕೊಳೆತು, ಒಂದೇ ಒಂದು ಉಳಿಯಿತು. ತವರಿನ ಮಾನ ಈಗ ಅದರ ಕೈಯಲ್ಲಿತ್ತು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅದರ ಸಿಪ್ಪೆಯಲ್ಲಿ ಸಣ್ಣ ತೂತು ಬಿತ್ತು. ಮಧ್ಯಾಹ್ನಕ್ಕೆ ಅಲುಗಾಟವೇ ಇಲ್ಲ. ಕೋಳಿಯೂ ಎದ್ದುಹೋಗಿ ಹಿತ್ತಲು ಕೆದಕುತ್ತಿತ್ತು. ಅತ್ತೆ ಮೊಟ್ಟೆಯನ್ನು ಎತ್ತಿಕೊಂಡು, ಮಗ್ಗದ ಗದ್ದಲ ಮೀರಿ ಕೂಗಿದರು: "ಸತ್ತೋಗೈತೆ ಕಣಮ್ಮಿ. ತಿಪ್ಪೆಗೆ ಹಾಕ್ಬರ್ತೀನಿ."

"ಸತ್ತಿಲ್ಲ ಅತ್ತೆ, ಮಲಗೈತೆ."

"ಹೂಂ, ನಿಂಗೆ ಹೇಳ್ಬಿಟ್ಟು ಮಲಗ್ತಾ?"

ನನಗೆ ರೇಗಿಹೋಯಿತು. ನಮ್ಮ ಕೇರಿಯ ಕೂಸುಗಳೆಲ್ಲ ಮಗ್ಗ ಓಡುವಾಗ ಗಾಢವಾಗಿ ಮಲಗಿ, ಕರೆಂಟ್ ಹೋದ ಕೂಡಲೇ ಬೆಚ್ಚಿ ಅಳುವಂಥವು. ಇದೇ ಸದ್ದಿನಲ್ಲಿ ಕಾವು ಪಡೆದ ಮರಿಯೂ ಹಾಗೇ ಇರಬೇಕಲ್ಲ! ನೆಟ್ಟಗೆ ಹೋದವಳೇ ಮೇನ್ ಸ್ವಿಚ್ ಆರಿಸಿಬಿಟ್ಟೆ.

"ಏನೇ, ತಲೆ ಕೆಟ್ಟಿದ್ಯಾ?" ಅರ್ಧ ನೇಯ್ದ ಸೀರೆಯ ಮುಂದಿನಿಂದ ಗಂಡ ಗದರಿದರು.

ಮನೆ ನಿಶ್ಶಬ್ದವಾಯಿತು. ತೊಟ್ಟಿಲಲ್ಲಿ ಮಗು ಕಿಟಾರನೆ ಕಿರುಚಿಕೊಂಡಿತು. ಅದರ ಹಿಂದೆಯೇ ಅತ್ತೆಯ ಅಂಗೈಯಿಂದ ಸಣ್ಣ ದನಿ, ಚಿಂವ್! ತೂತಿನಲ್ಲಿ ಕೊಕ್ಕು ಆಡಿತು. ಅತ್ತೆ ಬೆಚ್ಚಿಬಿದ್ದು ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೋ ಕುಣಿಯುವಷ್ಟು ಖುಷಿ.

ಕೋಳಿಯನ್ನು ಹಿಡಿದು ತಂದು ಕೂರಿಸಿದವರು ಅತ್ತೆಯೇ. ಮರಿ ಹೊರಬರುವ ತನಕ ಸ್ವಿಚ್ ಮುಟ್ಟಲು ಮಗನನ್ನು ಬಿಡಲಿಲ್ಲ. ಸಂಜೆ ಅದು ಒದ್ದೆ ಮೈಯಲ್ಲಿ ಹೊರಬಿದ್ದು, ಕತ್ತು ಚೆಲ್ಲಿ ಮಲಗಿತು.

"ಈಗ ಸತ್ತೋಯ್ತಾ?" ಎಂದರು ಗಂಡ.

ಅತ್ತೆ ಅವರ ಮೇಲೆ ಹರಿಹಾಯ್ದರು: "ಬಿಡ್ತು ಅನ್ನೋ! ಎಷ್ಟು ದಣಿದೈತೆ ಪಾಪ. ಹೋಗು, ಮಗ್ಗ ಓಡ್ಸು. ನಿದ್ದೆ ಮಾಡ್ಲಿ ಅದು."