ಒಂದೇ ಸಲ ಕೇಳಿದ ಪ್ರಸಾದ

ತುಳಸಿದಾಸ ಮಾಸ್ತರು ಯಾರ ಹತ್ತಿರವೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ನನಗೆ ಅವರ ಮೇಲೆ ಇದ್ದ ಸಿಟ್ಟಿಗೆ ಕಾರಣವೂ ಅದೇ. ಬಿಸಿಯೂಟದ ಸಾರು ಸಪ್ಪೆಯಾಗಲಿ, ವರ್ಗಾವಣೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಲಿ, "ಇರ್ಲಿ ಬಿಡಿ ಅಕ್ಕೋರೆ" ಎನ್ನುವ ಮನುಷ್ಯ. ಅಂಕೋಲೆ ಹತ್ತಿರದ ನಮ್ಮ ಶಾಲೆಯಲ್ಲಿ ಅವರು ಗಣಿತ ಹೇಳುತ್ತಾರೆ, ನಾನು ಕನ್ನಡ. ಎರಡು ತರಗತಿಗಳ ನಡುವೆ ಇರುವುದು ಅರ್ಧ ಗೋಡೆ. ಹೀಗಾಗಿ ಹನ್ನೊಂದು ವರ್ಷದಿಂದ ಅವರ ಗಣಿತವೆಲ್ಲ ನನ್ನ ಕಿವಿಗೂ ಬಿದ್ದಿದೆ. ವಯಸ್ಸು ಐವತ್ತೆಂಟು. ಮದುವೆಯಾಗಿಲ್ಲ.

ನಮ್ಮೂರಲ್ಲಿ ದೇವಿಯ ಪ್ರಸಾದ ಕೇಳದೆ ಯಾರೂ ದೊಡ್ಡ ಕೆಲಸಕ್ಕೆ ಕೈ ಹಾಕುವುದಿಲ್ಲ. ಪೂಜೆಯ ಗುನಗ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳನ್ನು ಒದ್ದೆ ಮಾಡಿ ದೇವಿಯ ಕಲ್ಲಿಗೆ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಮಾಸ್ತರು ದಿನಾ ಗುಡಿಯೆದುರು ನಿಂತು ಕೈ ಮುಗಿಯುತ್ತಾರೆ, ಆದರೆ ಒಂದು ದಿನವೂ ಏನನ್ನೂ ಕೇಳಿದವರಲ್ಲ. ಲೆಕ್ಕದ ಮಾಸ್ತರರಿಗೆ ನಂಬಿಕೆ ಕಡಿಮೆ ಎಂದು ಜನ ಅಂದುಕೊಂಡಿದ್ದರು. ನಾನೂ ಹಾಗೇ ತಿಳಿದಿದ್ದೆ.

ಈ ವರ್ಷ ನಮ್ಮ ಎಂಟನೇ ತರಗತಿಯ ಪ್ರಗತಿಗೆ ಕಾರವಾರದ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಅರ್ಜಿ ತುಂಬಿಸಿದವಳು ನಾನೇ. ಸೋಮವಾರದೊಳಗೆ ಅಪ್ಪನ ಸಹಿ ಆಗಬೇಕಿತ್ತು. ಅಪ್ಪ ಮಂಜುನಾಥ ದೇವಿಯ ಪ್ರಸಾದ ಕೇಳಿದ, ಎಸಳು ಎಡಕ್ಕೆ ಬಿತ್ತು. ಹುಡುಗಿ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದಲ್ಲಿ ಇಟ್ಟುಕೊಂಡು ಸುಮ್ಮನೆ ಓಡಾಡುತ್ತಿದ್ದಳು. ದೇವಿಯ ಮಾತಿಗೆ ಎದುರಾಡುವುದು ಹೇಗೆಂದು ತಿಳಿಯದೆ ನಾನೂ ಸುಮ್ಮನಾದೆ.

ಶುಕ್ರವಾರ ಮಾಸ್ತರು ಸಂಭವನೀಯತೆಯ ಪಾಠ ಶುರುಮಾಡಿದರು. ಮಕ್ಕಳ ಕೈಗೆ ಒಂದೊಂದು ಬಳಚಿನ ಕಪ್ಪೆಚಿಪ್ಪು ಕೊಟ್ಟು, ನೂರು ಸಲ ಮೇಲಕ್ಕೆ ಎಸೆದು ಬರೆದುಕೊಳ್ಳಿ ಎಂದರು. ನನ್ನ ಕಡೆ ಪದ್ಯ ಕೇಳುವವರೇ ಇಲ್ಲ, ಅಷ್ಟು ಸದ್ದು. ಬೋರಲು ಬೀಳುವುದು, ಅಂಗಾತ ಬೀಳುವುದು ಎರಡೇ ಇರುವಾಗ ಐವತ್ತು ಐವತ್ತು ಬರುತ್ತದೆ ಎಂದು ಮಕ್ಕಳು ಪಂತ ಕಟ್ಟಿದ್ದರು. ಬೋರಲು ಬಿದ್ದದ್ದೇ ಅರವತ್ತು ಚಿಲ್ಲರೆ.

"ಎರಡೇ ದಾರಿ ಅಂದ ಮಾತ್ರಕ್ಕೆ ಅರ್ಧ ಅರ್ಧ ಅಲ್ಲ," ಎಂದರು ಮಾಸ್ತರು. "ಎಸೆದು ನೋಡ್ಬೇಕು. ಒಂದು ಸಲ ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ."

"ಮಾಸ್ತರೆ, ಪ್ರಸಾದಕ್ಕೆ ಲೆಕ್ಕ ಹಾಕುಕೆ ಬರ್ತದಾ?" ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. "ನಮ್ಮನೇಲಿ ಎಡಕ್ಕೆ ಬಿದ್ರೆ ಮತ್ತೆ ಕೇಳ್ತರು. ಮೂರು ಸಲ."

ಮಕ್ಕಳು ನಕ್ಕರು. ನಮ್ಮ ಮನೆಯಲ್ಲೂ ಹಾಗೇ, ನಮ್ಮಲ್ಲೂ ಮೂರು ಸಲ ಎಂದು ಎಲ್ಲರೂ ಕೂಗಿದರು. ಮಾಸ್ತರು, "ದೇವಿ ಮನಸ್ಸು ನಂಗೆ ಗೊತ್ತಿಲ್ಲ. ಎಡ ಬಲ ಎರಡೂ ಸಮ ಅಂತ ಇಟ್ಕೊಳ್ಳಿ," ಎಂದು ಬೋರ್ಡಿಗೆ ತಿರುಗಿದರು. ಮೂರು ಸಲ ಕೇಳಿದರೆ ಎಸಳು ಬೀಳುವ ಬಗೆ ಎಂಟು. ಅದರಲ್ಲಿ ಮೂರೂ ಸಲ ಎಡಕ್ಕೇ ಬೀಳುವುದು ಒಂದೇ ಒಂದು. ಉಳಿದ ಏಳರಲ್ಲಿ ಒಂದು ಸಲವಾದರೂ ಬಲಕ್ಕೆ ಬಿದ್ದೇ ಬೀಳುತ್ತದೆ.

"ಅಂದ್ರೆ ಮೂರು ಸಲ ಕೇಳಿದವ್ರಿಗೆ ಹೆಚ್ಚುಕಡಿಮೆ ಹೂಂ ಅಂತ್ಲೇ ಬರ್ತದೆ," ಎಂದರು.

ಆಗ ಪ್ರಗತಿ ಎದ್ದು ನಿಂತಳು. "ನಮ್ಮಪ್ಪ ಒಂದೇ ಸಲ ಕೇಳ್ದ, ಮಾಸ್ತರೆ."

ನಾನು ಅರ್ಧ ಗೋಡೆಯ ಮೇಲಿಂದ ಇಣುಕಿದೆ. ಮಾಸ್ತರು ಸೀಮೆಸುಣ್ಣ ಹಿಡಿದು ತಾವೇ ಬರೆದದ್ದನ್ನು ನೋಡುತ್ತ ನಿಂತಿದ್ದರು.

ಶಾಲೆ ಬಿಟ್ಟ ಮೇಲೆ, "ಮಂಜುನಾಥನ ಮನೆಗೆ ಹೋಗ್ವಾ, ಬರ್ತೀರಾ?" ಎಂದು ಅವರೇ ಕೇಳಿದರು. ಗದ್ದೆಯ ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ. ತಿರುಗಿ ನೋಡದೆಯೇ ಹೇಳಿದರು: "ಹಿಲ್ಲೂರಿನ ಒಂದು ಹುಡುಗಿ, ಅಕ್ಕೋರೆ. ಆಗ ನಂಗೆ ಇಪ್ಪತ್ತಾರು ವರ್ಷ. ಅಪ್ಪ ಪ್ರಸಾದ ಕೇಳ್ದ, ಎಡಕ್ಕೆ ಬಿತ್ತು. ದೇವಿಗೆ ಮನಸ್ಸಿಲ್ಲ ಅಂತ ಸುಮ್ನಾದೆ. ಆಮೇಲೆ ಯಾರನ್ನೂ ಒಪ್ಪುಕೆ ಆಗ್ಲಿಲ್ಲ, ದೇವೀನ ಮತ್ತೆ ಎಂತದೂ ಕೇಳುಕೂ ಆಗ್ಲಿಲ್ಲ."

ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: "ಎತ್ತು ತರುಕೆ ಅಪ್ಪ ಮೂರು ಸಲ ಕೇಳ್ತಿದ್ದ. ಅಣ್ಣನ ಮದುವೆಗೂ ಮೂರು ಸಲ. ನಂದಕ್ಕೆ ಒಂದೇ ಸಲ. ಇಷ್ಟು ವರ್ಷ ಇದು ನಂಗೆ ಹೊಳೀಲೇ ಇಲ್ಲ ನೋಡಿ."

ನನಗೆ ಅಳು ಬಂತು, ಅದರ ಜೊತೆಗೆ ಅವರ ಅಪ್ಪನ ಮೇಲೆ ಕೆಟ್ಟ ಸಿಟ್ಟೂ ಬಂತು. ಸತ್ತವರನ್ನು ಬೈಯಬಾರದೆಂದು ಬಾಯಿ ಮುಚ್ಚಿಕೊಂಡು ನಡೆದೆ.

ಮಂಜುನಾಥ ಅಂಗಳದಲ್ಲಿ ಕೂತು ಗಿಡದಿಂದ ಶೇಂಗಾ ಬಿಡಿಸುತ್ತಿದ್ದ. ನಾವು ಬಂದದ್ದು ಯಾತಕ್ಕೆಂದು ಅವನಿಗೆ ತಿಳಿಯಿತು. "ದೇವಿ ಬೇಡ ಅಂದ್ಲು ಮಾಸ್ತರೆ. ನಾನೆಂತ ಮಾಡ್ಲಿ?" ಎಂದ.

"ಹೋದ ವರ್ಷ ಬಾವಿ ತೋಡುಕೆ ಎಷ್ಟು ಸಲ ಕೇಳಿದ್ದೆ?" ಎಂದರು ಮಾಸ್ತರು.

"ಮೂರು," ಎಂದಳು ಬಾಗಿಲಲ್ಲಿ ನಿಂತಿದ್ದ ಪ್ರಗತಿ.

"ಮಗಳ ವಿಷಯಕ್ಕೆ ಒಂದೇ ಸಲ ಎಂತಕೆ?" ಮಾಸ್ತರರ ದನಿ ಏರಿತ್ತು. ಅವರ ಏರಿದ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಮಂಜುನಾಥನ ಕೈ ನಿಂತಿತು. ತಲೆ ಎತ್ತದೆ ಹೇಳಿದ: "ಎರಡನೇ ಸಲ ಬಲಕ್ಕೆ ಬಿದ್ರೆ ಅಂತ ಹೆದ್ರಿಕೆ ಆಯ್ತು, ಮಾಸ್ತರೆ. ಇವ್ಳು ಮನೇಲಿ ಇಲ್ದಿದ್ರೆ ನಂಗೆ ಅನ್ನ ಇಳಿಯುದಿಲ್ಲ."

ಮಾಸ್ತರು ಅವನ ಪಕ್ಕದಲ್ಲಿ ಕೂತರು. ಒಂದು ಗಿಡ ಎತ್ತಿಕೊಂಡು ತಾವೂ ಶೇಂಗಾ ಬಿಡಿಸತೊಡಗಿದರು. "ಹಾಗಾದ್ರೆ ಅದನ್ನೇ ಅವ್ಳಿಗೆ ಹೇಳು," ಎಂದರು. "ನಮ್ಮಪ್ಪ ಒಂದು ಮಾತು ಹಾಗೆ ಹೇಳಿದ್ರೆ ನಾನು ಜಗಳ ಆದ್ರೂ ಮಾಡ್ತಿದ್ದೆ. ದೇವಿ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸ್ದ."

ಚಾ ಕುಡಿದು ಬಂದೆವು.

ಶನಿವಾರ ಬೆಳಿಗ್ಗೆ ಪ್ರಗತಿ ಫಾರ್ಮು ತಂದು ಮಾಸ್ತರರ ಮೇಜಿನ ಮೇಲಿಟ್ಟಳು. ಮಡಿಕೆಯ ಗೆರೆಯ ಮೇಲೆಯೇ ಮಂಜುನಾಥನ ಸಹಿ ಇತ್ತು.

"ಮತ್ತೆ ಪ್ರಸಾದ ಕೇಳಿದ್ನಾ?" ಎಂದರು ಮಾಸ್ತರು.

"ಇಲ್ಲ. ನನ್ನನ್ನೇ ಕೇಳ್ದ. ಹೋಗ್ತ್ಯಾ ಅಂತ."

"ಎಷ್ಟು ಸಲ?"

"ಒಂದೇ ಸಲ," ಎಂದಳು ಪ್ರಗತಿ.